‘ಅಳಿಯ’ ಎಂಬ ಪದಕ್ಕೆ ವಿವರಣೆ

ಇಲ್ಲಿ ನಾನು ಬರೆಯುವುದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಆ ಇಮೇಲ್ ಬಂದಾಗ ನಾನು ಸೇಡಂನ ನಮ್ಮ ಮನೆಯ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ ಎಂಬುದು ನನ್ನ ನೆನಪು. ಆ ದಿನದ ದಿನಚರಿಯಲ್ಲಿ ಮಾತ್ರ ‘ಅಡುಗೆಮನೆ, ಅವ್ವ ರೊಟ್ಟಿ ಬಡಿಯುತ್ತಿದ್ದಳು’ ಎಂದು ನನ್ನದೇ ಅಕ್ಷರಗಳಲ್ಲಿದೆ. ಎರಡರಲ್ಲಿ ಯಾವುದನ್ನು ನಂಬಲಿ ಎಂದು ಈಗಲೂ ತಿಳಿಯುವುದಿಲ್ಲ. ಇಮೇಲಿನಲ್ಲಿ ಏನಿತ್ತು ಎಂಬ ಬಗ್ಗೆ ಅನುಮಾನವಿಲ್ಲ. ಅದನ್ನು ಅಳಿಸಿಲ್ಲ.

ನಾನು ಕೆನಡಾದ ಒಂದು ಸಣ್ಣ ಊರಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಕಾಯಂ ಆಗಿ ನೆಲೆಸಲು ನನಗೆ ಪರವಾನಗಿ ಇದೆ. ನನ್ನ ಗಂಡ ಶಹಾಬಾದಿನಲ್ಲಿ, ಕಲ್ಲು ಪಾಲಿಶ್ ಮಾಡುವ ಮಶೀನುಗಳ ಮೋಟರ್ ರಿವೈಂಡಿಂಗ್ ಮಾಡುತ್ತಿದ್ದ. ಮದುವೆಯಾದ ಮೇಲೆ ಅವನಿಗೂ ಅಂಥದೇ ಪರವಾನಗಿ ಕೊಡಿ ಎಂದು ನಾನು ಹೆಂಡತಿಯಾಗಿ ಅವನ ಹೆಸರಿನಲ್ಲಿ ಅರ್ಜಿ ಹಾಕಿದ್ದೆ. ಮದುವೆ ನಿಜವಾದದ್ದು, ಬರೀ ವೀಸಾಕ್ಕಾಗಿ ಆದದ್ದಲ್ಲ ಎಂಬುದಕ್ಕೆ ಆ ಕಚೇರಿಯವರು ಪುರಾವೆ ಕೇಳುತ್ತಾರೆ. ಫೋಟೊಗಳು, ಫೋನಿನ ದಾಖಲೆ, ಎರಡೂ ಮನೆಯ ಹಿರಿಯರ ಹೇಳಿಕೆ. ಎಲ್ಲವನ್ನೂ ಕಳಿಸಿ, ರಜೆ ಹಾಕಿ ಊರಿಗೆ ಬಂದಿದ್ದೆ.

ಇಮೇಲಿನ ಭಾಷೆ ಬಹಳ ಸಭ್ಯವಾಗಿತ್ತು. ನಿಮ್ಮ ತಂದೆ ಅರ್ಜಿದಾರರನ್ನು ‘ನೆಫ್ಯೂ’ ಎಂದಿದ್ದಾರೆ, ಅರ್ಜಿದಾರರ ತಾಯಿ ನಿಮ್ಮನ್ನು ‘ನೀಸ್’ ಎಂದಿದ್ದಾರೆ, ನೀವಿಬ್ಬರು ಗಂಡ ಹೆಂಡತಿ ಎಂದು ಇಬ್ಬರಲ್ಲಿ ಒಬ್ಬರೂ ಹೇಳಿಲ್ಲ. ಮೊದಲ ಭೇಟಿಯ ಬಗ್ಗೆ ನಿಮ್ಮ ಉತ್ತರಕ್ಕೂ ಅವರ ಉತ್ತರಕ್ಕೂ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಅಂತರವಿದೆ. ಸಮಾಧಾನಕರ ವಿವರಣೆ ಬರದಿದ್ದರೆ ಅರ್ಜಿ ತಿರಸ್ಕಾರವಾಗಬಹುದು.

ಓದಿ ನನಗೆ ಮೊದಲು ನಗು ಬಂತು, ಆಮೇಲೆ ಹೆದರಿಕೆಯಾಯಿತು. ಅಪ್ಪ ಕನ್ನಡದಲ್ಲಿ ಬರೆದದ್ದು ‘ಅಳಿಯ’ ಎಂದು. ಅತ್ತೆ ಬರೆಸಿದ್ದು ‘ಸೊಸೆ’ ಎಂದು. ನನ್ನ ಗಂಡ ನನ್ನ ಸೋದರತ್ತೆಯ ಮಗ. ಹೀಗಾಗಿ ನಮ್ಮ ಮನೆಯಲ್ಲಿ ತಂಗಿಯ ಮಗನೂ ಮಗಳ ಗಂಡನೂ ಒಬ್ಬನೇ ಅಳಿಯ. ಅಣ್ಣನ ಮಗಳೂ ಮಗನ ಹೆಂಡತಿಯೂ ಒಬ್ಬಳೇ ಸೊಸೆ. ಯಾರೂ ಸುಳ್ಳು ಹೇಳಿರಲಿಲ್ಲ. ಆದರೂ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ನಮ್ಮ ಮದುವೆಯೇ ಮಾಯವಾಗಿತ್ತು.

ಹೇಳಿಕೆಗಳನ್ನು ಇಂಗ್ಲಿಷಿಗೆ ಮಾಡಿಕೊಟ್ಟವರು ಚಿತ್ತಾಪುರದ ಕೋರ್ಟಿನ ಎದುರು ಕೂರುವ ಒಬ್ಬ ಹಿರಿಯರು. ಅಪ್ಪ ಅಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಕಾಲದಿಂದ ಪರಿಚಯ. ಮರುದಿನ ಬೆಳಗಿನ ಪ್ಯಾಸೆಂಜರ್ ಹಿಡಿದು ಅವರ ಮುಂದೆ ಹೋಗಿ ಕೂತೆ. ಜಗಳ ಮಾಡಬೇಕೆಂದೇ ಹೋಗಿದ್ದೆ, ಅವರು ಅದಕ್ಕೆ ಅವಕಾಶ ಕೊಡಲಿಲ್ಲ.

“ನಾ ನಿಮ್ಮಪ್ಪಾವ್ರಿಗಿ ಫೋನ್ ಮಾಡಿ ಕೇಳೀನ್ರಿ, ಅಳಿಯ ಅಂದ್ರ ಯಾರ್ರಿ ಅಂತ. ತಂಗಿ ಮಗ ಅಂದ್ರು. ತಂಗಿ ಮಗ ಅಂದ್ರ ನೆಫ್ಯೂ ಅಲ್ಲೇನ್ರಿ?”

“ಮಗಳ ಗಂಡನೂ ಹೌದಲ್ರಿ,” ಎಂದೆ.

“ಅದು ಅವ್ರು ಹೇಳ್ಲೇ ಇಲ್ಲಲ್ರಿ.”

ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪನಿಗೆ ತನ್ನದೇನೂ ತಪ್ಪಿದೆ ಎನ್ನಿಸಲಿಲ್ಲ. “ಅಂವ ಮೊದ್ಲು ನನ್ನ ತಂಗಿ ಮಗ. ನಿನ್ನ ಲಗ್ನ ಆಗಿದ್ದು ಮೊನ್ನೆ,” ಎಂದ.

ಹಿರಿಯರು ಹೊಸ ಅನುವಾದ ಮಾಡಿಕೊಡಲು ಒಪ್ಪಿದರು. ಆದರೆ ಮೊದಲ ಭೇಟಿಯ ಗಂಟನ್ನು ನಾವೇ ಬಿಡಿಸಬೇಕಾಗಿತ್ತು. ವಾಡಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಹೋದೆ.

ನಾನು ಅರ್ಜಿಯಲ್ಲಿ ಬರೆದದ್ದು ವಾಡಿ ಸ್ಟೇಷನ್ನಿನ ಒಂದು ಮಧ್ಯಾಹ್ನದ ಬಗ್ಗೆ. ಎಂ.ಎಸ್ಸಿ. ಪರೀಕ್ಷೆ ಮುಗಿಸಿ ಬರುತ್ತಿದ್ದೆ, ಸೇಡಂ ಕಡೆಯ ಗಾಡಿ ತಪ್ಪಿತ್ತು. ಅಪ್ಪನ ಮಾತಿನ ಮೇಲೆ ಅವನು ನನ್ನನ್ನು ಕರೆದೊಯ್ಯಲು ಬಂದಿದ್ದ. ಅದಕ್ಕೂ ಮೊದಲು ಎಷ್ಟೋ ಮದುವೆ ಮುಂಜಿಗಳಲ್ಲಿ ನೋಡಿದ್ದೆ. ಆದರೆ ಅವತ್ತು ಅವನು ‘ಮುಂದೇನು ಓದ್ತೀ’ ಎಂದು ಕೇಳದೆ, ‘ಏನು ಮಾಡಾಕ ನಿನಗ ಬ್ಯಾಸರ’ ಎಂದು ಕೇಳಿದ. ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಉತ್ತರ ಹೇಳುತ್ತ ಹೇಳುತ್ತ ಮುಂದಿನ ಗಾಡಿಯೂ ಹೋಯಿತು. ಅತ್ತೆಯ ಮಗ ಎಂಬ ಗುರುತು ಕಳಚಿ ಅವನೊಬ್ಬ ಮನುಷ್ಯನಾಗಿ ಕಂಡದ್ದು ಆಗಲೇ. ಭೇಟಿ ಎಂದರೆ ಅದೇ ಎಂದು ನಾನು ತಿಳಿದಿದ್ದೆ.

ಅವನು ಬರೆದದ್ದು ನನ್ನ ತೊಟ್ಟಿಲ ಬಗ್ಗೆ.

“ಮೊದ್ಲ ಯಾವಾಗ ನೋಡ್ದಿ ಅಂತ ಕೇಳ್ಯಾರ,” ಎಂದ, ಕೈಗೆ ಹತ್ತಿದ ವಾರ್ನಿಶ್ ಒರೆಸಿಕೊಳ್ಳುತ್ತ. “ನಾ ನಾಕು ವರ್ಷದಾಂವ ಇದ್ದೆ. ತೊಟ್ಟಲದಾಗ ಕೆಂಪು ಕುಂಚಿಗಿ ಹಾಕ್ಕೊಂಡು ಅಳಾಕತ್ತಿದ್ದಿ. ಸುಳ್ಳು ಬರೀಲೇನು?”

“ಕುಂಚಿಗಿ ಹಸರು ಇತ್ತು. ನಾನೇ ಹೊಲದಿದ್ದೆ,” ಎಂದಳು ಅತ್ತೆ ಒಳಗಿನಿಂದ.

ಕೂಸಿನ ಕುಲಾವಿಯ ಬಣ್ಣವೂ ಸರಿಯಿಲ್ಲದ, ನಾಲ್ಕು ವರ್ಷದವನ ನೆನಪನ್ನು ಸರಕಾರದ ಮುಂದಿಟ್ಟಿದ್ದಾನಲ್ಲ ಎಂದು ಸಿಟ್ಟಿಗೆದ್ದು, ನಿನಗೇನೂ ತಿಳಿಯುವುದಿಲ್ಲ ಎಂದೆ. ಅತ್ತೆ ಚಹಾ ತಂದಿಟ್ಟು, “ಗಂಡಗ ನೀ ನಿನಗ ಅಂತೀ. ಆ ಸಾಹೇಬ ಕೇಳಿದ್ರ ಇವ್ರು ಅಣ್ಣ ತಂಗೇರೇ ಅಂದಾನು,” ಎಂದು ನಕ್ಕಳು. ಆಮೇಲೆ ಕೆಳಗೆ ಕೂತು, ತೊಟ್ಟಿಲ ಮಾತು ಬಂದಿದ್ದಕ್ಕೋ ಏನೋ, ತಾನಾಗಿಯೇ ಹೇಳತೊಡಗಿದಳು.

ನನ್ನ ಹೆಸರಿಟ್ಟದ್ದು ಚಿಂಚೋಳಿಯಲ್ಲಿ, ಅವ್ವನ ತವರಿನಲ್ಲಿ. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವವಳು ಸೋದರತ್ತೆ. ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅತ್ತೆ ಆ ಗುದ್ದುಗಳನ್ನು ತಿಂದು ಎದ್ದು ನಿಂತು, ಎಲ್ಲರೆದುರು ಅಪ್ಪನನ್ನು ಕೇಳಿದಳಂತೆ.

“ಅವತ್ತೇ ಕೇಳೀನಿ ನಾ. ಅಣ್ಣಾ, ಹೆಸರಿಟ್ಟಾಕಿ ನಾ, ಹುಡುಗಿ ನಮ್ಮನಿಗಿ ಅಂತ.”

ಇದನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಮದುವೆಯ ಮಾತನ್ನು ಮೊದಲು ಎತ್ತಿದವಳು ನಾನು, ಅವ್ವನ ಮುಂದೆ, ಯಾರೂ ಒತ್ತಾಯಿಸದೆ. ಅರ್ಜಿಯಲ್ಲಿ ‘ಇದು ನಮ್ಮಿಬ್ಬರ ಸ್ವಂತ ನಿರ್ಧಾರ’ ಎಂದು ಬರೆದು ಸಹಿ ಹಾಕಿದ್ದೆ. ಈಗಲೂ ಅದೇ ಖರೆ ಎನ್ನುತ್ತೇನೆ. ಆದರೆ ಯಾರೂ ನನಗೆ ಹೇಳಿರಲಿಲ್ಲ ಎಂಬುದು ಒಂದು, ಯಾರೂ ಮೊದಲೇ ಏನೂ ನಿಶ್ಚಯಿಸಿರಲಿಲ್ಲ ಎಂಬುದು ಇನ್ನೊಂದು. ಅಪ್ಪ ಅವತ್ತು ಹೂಂ ಎಂದಿರದಿದ್ದರೆ, ವಾಡಿಯಿಂದ ನನ್ನನ್ನು ಕರೆತರಲು ಊರಲ್ಲಿ ಬೇರೆ ಯಾರೂ ಇಲ್ಲದವರ ಹಾಗೆ ಅವನನ್ನೇ ಯಾಕೆ ಕಳಿಸಿದ?

ಅಪ್ಪ ಏನೆಂದ ಎಂದು ಅತ್ತೆಯನ್ನು ಕೇಳಿದೆ. ಚಹಾ ಆರುತ್ತಿದೆ, ಕುಡಿ ಎಂದಳು.

ಅಪ್ಪನಿಗೆ ಫೋನಿನಲ್ಲಿ ಕೇಳಿದರೆ, ಅಂಥ ಮಾತು ನಡೆದದ್ದೇ ನೆನಪಿಲ್ಲವಂತೆ. ಅವ್ವ ಬಾಣಂತಿ, ಕಿವಿಗೆ ಬಟ್ಟೆ ಕಟ್ಟಿಕೊಂಡು ಒಳಕೋಣೆಯಲ್ಲಿದ್ದವಳು, ಜನ ನಕ್ಕದ್ದು ಮಾತ್ರ ಕೇಳಿಸಿತ್ತು ಎಂದಳು.

ಇದನ್ನು ವಿವರಣೆಯಲ್ಲಿ ಬಿಟ್ಟುಬಿಡೋಣವೇ ಎಂದು ಗಂಡನನ್ನು ಕೇಳಿದೆ. ಮನೆಯವರು ಹಟಕ್ಕೆ ಬಿದ್ದು ಮದುವೆ ಮಾಡಿಸಿದರು ಎಂದು ಕಚೇರಿಯವರು ಅಂದುಕೊಂಡರೆ ಕೆಲಸ ಕೆಡುತ್ತದೆ ಎಂಬ ಭಯ ನನಗೆ. ಅವನು, “ಬರಿ. ಖರೆ ಅದ ಅಂದ್ರ ಬರಿ. ಅರ್ಧಾ ಖರೆ ಹೇಳಿ ಹೋದ ಊರಾಗ ನಾ ಹ್ಯಾಂಗ ಇರಲಿ?” ಎಂದ.

ಬರೆದೆ. ನಮ್ಮ ಭಾಷೆಯಲ್ಲಿ ಅಳಿಯ, ಸೊಸೆ ಎಂಬ ಪದಗಳು ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಹಾಕುವ ಟವೆಲಿನ ಹಾಗೆ, ಜಾಗ ಹಿಡಿಯುತ್ತವೆ, ಕೂರಲೇಬೇಕೆಂದು ಯಾರನ್ನೂ ಕಟ್ಟಿಹಾಕುವುದಿಲ್ಲ ಎಂದು ಬರೆದೆ. ನನ್ನ ಅಣ್ಣನಿಗೂ ಅಂಥ ಸೀಟು ಇತ್ತು, ಅವನು ಕೂರಲಿಲ್ಲ, ಯಾರೂ ಜಗಳ ತೆಗೆಯಲಿಲ್ಲ ಎಂದೂ ಬರೆದೆ. ಮೊದಲು ನೋಡಿದ್ದು ತೊಟ್ಟಿಲಲ್ಲಿ, ಮೊದಲು ಭೇಟಿಯಾದದ್ದು ವಾಡಿಯಲ್ಲಿ, ಎರಡೂ ಉತ್ತರಗಳು ಸರಿ. ತೊಟ್ಟಿಲ ದಿನ ಅತ್ತೆ ತನ್ನ ಮಗನಿಗೆಂದು ನನ್ನನ್ನು ಕೇಳಿದ್ದು ನಿಜ, ಅದಕ್ಕೆ ಬಂದ ಉತ್ತರ ನನಗೆ ಗೊತ್ತಿಲ್ಲ, ಅದು ಏನಿದ್ದರೂ ನನ್ನ ಉತ್ತರ ನನ್ನದೇ. ಇಂಗ್ಲಿಷಿನಲ್ಲಿ ನಾನು ಬರೆದವುಗಳಲ್ಲೆಲ್ಲ ನನಗೆ ತೃಪ್ತಿ ಕೊಟ್ಟ ಬರಹ ಅದೊಂದೇ. ಓದಿದ ಅಧಿಕಾರಿಗೆ ಟವೆಲಿನ ಮಾತು ಅರ್ಥವಾಯಿತೋ ಇಲ್ಲವೋ ಕಾಣೆ.

ನಾನು ಕೆಲಸಕ್ಕೆ ಮರಳಿದ ಕೆಲವು ತಿಂಗಳಿಗೆ ವೀಸಾ ಹಾಕಿಕೊಡಲು ಅವನ ಪಾಸ್‌ಪೋರ್ಟ್ ಕಳಿಸಿ ಎಂಬ ಪತ್ರ ಬಂತು. ಈಗ ಅವನು ಇಲ್ಲಿದ್ದಾನೆ. ಇಲ್ಲಿಯ ಒಂದು ವರ್ಕ್‌ಶಾಪಿನಲ್ಲಿ ಮೋಟರ್ ಬಿಚ್ಚುತ್ತಾನೆ, ಹಿಮ ಬಿದ್ದ ದಿನ ಮಾತ್ರ ಶಹಾಬಾದಿನ ಬಿಸಿಲನ್ನು ಹೊಗಳುತ್ತಾನೆ. ಊರಲ್ಲಿದ್ದಾಗ ಬೈಯುತ್ತಿದ್ದ ಎಂದು ನನ್ನ ನೆನಪು, ಅವನು ಒಪ್ಪುವುದಿಲ್ಲ.

ಭಾನುವಾರ ಅತ್ತೆ ವಿಡಿಯೊ ಕಾಲಿನಲ್ಲಿ ಬರುತ್ತಾಳೆ. ಮಗ ತೆಳ್ಳಗಾಗಿದ್ದಾನೆ ಎನ್ನುತ್ತಾಳೆ, ನಾನು ಏನು ಉಣಿಸುತ್ತೇನೆಂದು ವಿಚಾರಿಸುತ್ತಾಳೆ, ಅಪ್ಪನ ಮಂಡಿನೋವಿನ ಸುದ್ದಿ ಕೊಡುತ್ತಾಳೆ. ಪರವಾನಗಿ ಸಿಕ್ಕಿದೆ, ಇನ್ನು ಯಾವ ಕಚೇರಿಗೂ ಉತ್ತರ ಬೇಕಿಲ್ಲ. ನನಗೆ ಬೇಕು. ಏನೇ ಉತ್ತರ ಬಂದರೂ ನಾನು ವಾಡಿಯ ಬೆಂಚಿನಿಂದ ಏಳುವವಳಲ್ಲ, ಅಷ್ಟು ಧೈರ್ಯ ಇದೆ. ಹೋದ ಭಾನುವಾರ, ಅವನು ತರಕಾರಿಗೆಂದು ಹೊರಗೆ ಹೋಗಿದ್ದಾಗ, ನೇರವಾಗಿ ಕೇಳಿದೆ. ಅತ್ತೆ ಫೋನಿನ ಕ್ಯಾಮೆರಾವನ್ನು ಸೆರಗಿನಿಂದ ಒರೆಸುತ್ತ ಕೂತಳು. ಇನ್ನೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ.

“ಅತ್ತಿ, ಅವತ್ತು ಅಪ್ಪ ಏನಂದ?”