ಬಾಟಲಿಗೊಂದು ಸಮುದ್ರದ ಮೀನು

ಆರ್.ಟಿ. ನಗರದಲ್ಲಿ ನಾನು ಬಣ್ಣದ ಮೀನಿನ ಅಂಗಡಿ ತೆರೆದದ್ದು ಎಂಬತ್ತರ ದಶಕದ ಮೊದಲಲ್ಲಿ. ಆಗ ಜನಕ್ಕೆ ಮೀನು ಸಾಕುವುದೆಂದರೆ ಫೈಟರ್ ಮೀನು, ಅಷ್ಟೇ. ಎರಡನ್ನು ಜೊತೆಗೆ ಬಿಟ್ಟರೆ ಕಚ್ಚಾಡಿ ಸಾಯುತ್ತವೆ. ಅದಕ್ಕೇ ಒಂದೊಂದಕ್ಕೂ ಒಂದು ಗಾಜಿನ ಬಾಟಲಿ.

ಸಮುದ್ರದ ಮೀನಿಗೆ ನನ್ನ ಮೊದಲ ಗಿರಾಕಿ ಪಕ್ಕದ ಬೀದಿಯ ಗ್ಯಾರೇಜಿನ ಸಾಹೇಬರು. ಬೆರಳುದ್ದದ ಏಳು ಪಟ್ಟೆಮೀನುಗಳನ್ನು ಮದರಾಸಿನಿಂದ ರೈಲಿನಲ್ಲಿ, ಒಂದೇ ಚೀಲದಲ್ಲಿ ತಂದುಕೊಟ್ಟೆ. ಉಪ್ಪುನೀರಿನ ತೊಟ್ಟಿಯನ್ನೂ ನಾನೇ ಕೂರಿಸಿಕೊಟ್ಟೆ. ಬೀದಿಯೆಲ್ಲ ನೋಡುತ್ತಿತ್ತು. ಇವು ಬದುಕಿದರೆ ನನಗೆ ಈ ವ್ಯಾಪಾರ ಉಂಟು, ಸತ್ತರೆ ಇಲ್ಲ.

ಮೂರನೇ ದಿನ ಹೇಳಿಕಳಿಸಿದರು. ಹೋಗಿ ನೋಡಿದರೆ ತೊಟ್ಟಿಯಲ್ಲಿ ಬರೀ ನೀರು! ಕಿಟಕಿಯಲ್ಲಿ ಅದೇ ಉಪ್ಪುನೀರು ತುಂಬಿದ ಏಳು ಬಾಟಲಿ, ಬಾಟಲಿಗೊಂದು ಮೀನು. ಓಡಿಬಂದ ನಾಯಿಯ ಹಾಗೆ ಏದುಸಿರು, ಕಿವಿರು ಪಟಪಟ. ತಿನ್ನಲೆಂದು ಹೆಬ್ಬಾಳದ ಕಾಲುವೆಯಿಂದ ತಂದುಹಾಕಿದ ಕೆಂಪು ಹುಳಗಳನ್ನು ಒಂದೂ ಮುಟ್ಟಿರಲಿಲ್ಲ, ಎಲ್ಲ ತಳದಲ್ಲೇ ಬಿದ್ದಿದ್ದವು.

“ಏನ್ ಸಾಬ್ರೇ ಇದು?”

“ಕಚ್ಚಾಡ್ತಾವೆ ಅಂತ ಬೇರೆ ಮಾಡ್ದೆ ಭಾಯ್. ಆರಾಮಾಗಿರ್ಲಿ ಅಂತ.”

“ಇವು ಫೈಟರ್ ಅಲ್ಲ ಕಣ್ರೀ! ಗುಂಪಲ್ಲಿದ್ರೆ ಒಂದಲ್ಲ ಒಂದು ಕಾವಲಿರತ್ತೆ, ನೆಮ್ಮದಿಯಾಗಿ ಉಸಿರಾಡ್ತಾವೆ. ಒಂಟಿಯಾದ್ರೆ ಮೈಯಲ್ಲಿರೋ ಶಕ್ತಿಯೆಲ್ಲ ಹೆದರಿಕೆಗೇ ಖರ್ಚು!”

“ಕಚ್ಕೊಂಡ್ ಸತ್ರೆ ನೀವು ಜವಾಬ್ದಾರಿನಾ?”

ಮೀನು ಕೊಳ್ಳುವಾಗಲೂ ಇಷ್ಟು ಚೌಕಾಸಿ ನಡೆದಿರಲಿಲ್ಲ. ಮೊದಲು ಎರಡನ್ನು ತೊಟ್ಟಿಗೆ ಬಿಡೋಣ ಎಂದರು. ಎಳೆದಾಡಿ ನಾಲ್ಕಕ್ಕೆ ತಂದೆ, ಆರಕ್ಕೆ ಬಂದು ನಿಂತರು. ಮಿಕ್ಕವೆಲ್ಲ ಸತ್ತರೂ ಒಂದಾದರೂ ಉಳಿಯಲೆಂದು ಏಳನೆಯದನ್ನು ಬಾಟಲಿಯಿಂದ ತೆಗೆಯಗೊಡಲೇ ಇಲ್ಲ. ಹಣೆ ಚಚ್ಚಿಕೊಂಡೆ.

ತೊಟ್ಟಿಗೆ ಬಿಟ್ಟ ಆರೂ ಸ್ವಲ್ಪ ಹೊತ್ತು ದಿಕ್ಕುಗೆಟ್ಟು ಸುತ್ತಿ, ಆಮೇಲೆ ಮೈಗೆ ಮೈ ತಾಗಿಸಿ ಚೆಂಡಿನಂತೆ ಕೂಡಿಕೊಂಡವು. ಕಿವಿರಿನ ಆತುರ ಕಣ್ಣೆದುರೇ ಇಳಿಯಿತು. ಸಂಜೆಗೆ ಹುಳ ತಿಂದವು.

ಬಾಟಲಿಯದು ಮರುದಿನ ಸತ್ತಿತು. ಸಾಹೇಬರು ಅಂಗಡಿಗೇ ಬಂದರು.

“ಒಪ್ದೆ ಭಾಯ್, ನೀವು ಹೇಳಿದ್ದೇ ಸರಿ. ಬದ್ಲಿ ತಂದ್ಕೊಡಿ. ಎರಡು.”

“ಸತ್ತಿದ್ದು ಒಂದು, ಅದೂ ನಿಮ್ಮಿಂದ. ಎರಡ್ಯಾಕ್ರೀ?”

“ಮದ್ರಾಸಿಂದ ಇಲ್ಲೀಗಂಟ ಒಂಟಿಯಾಗ್ ಬಂದ್ರೆ ಅದಕ್ಕೆ ಸುಸ್ತಾಗಲ್ವಾ? ನೀವೇ ಹೇಳಿದ್ದು!”

ಮತ್ತೆ ರೈಲು ಹತ್ತಿ ಹೋಗಿ ಎರಡನ್ನೂ ಪುಕ್ಕಟೆ ತಂದುಕೊಟ್ಟೆ. ಈ ಕಸುಬಿಗೆ ಬರುವವರೇ, ಮೀನು ಕೊಡುವ ದಿನವೇ ಬುದ್ಧಿಮಾತನ್ನೂ ಕೊಟ್ಟುಬಿಡಿ. ಆಮೇಲೆ ಹೇಳಿದರೆ ನನಗಾದ ಹಾಗೇ ಆಗುತ್ತದೆ.