ಮಂಗ ಕೂತ ಮರದ ಕಾಯಿ

ವಕೀಲರ ಕೆಳತುಟಿ ಮೇಲ್ತುಟಿಗಿಂತ ಅರ್ಧ ಬೆರಳಷ್ಟು ಮುಂದೆ ಚಾಚಿಕೊಂಡಿತ್ತು. ಹುಟ್ಟಿನಿಂದ ಬಂದದ್ದೋ, ಬೇರೆಯವರ ಬರವಣಿಗೆ ಓದಿ ಓದಿ ಹಾಗಾಯಿತೋ ಗೊತ್ತಿಲ್ಲ. ಕೈಗೆ ಕಾಗದ ಕೊಟ್ಟರೆ ಅದು ಇನ್ನೂ ಮುಂದೆ ಬರುತ್ತಿತ್ತು. ಎರಡನೆಯ ಸಾಲಿಗೆ ಬಂದರೆ ಬರೆದವನು ದಡ್ಡ, ಮೊದಲ ಸಾಲಿಗೇ ಬಂದರೆ ಕಳ್ಳ ಎಂದು ಶಿಕಾರಿಪುರದ ಕೋರ್ಟಿನ ಜವಾನರು ಅರ್ಥ ಹೇಳುತ್ತಿದ್ದರು. ನನ್ನ ಕಾಗದಗಳಿಗೆ ಅದು ಎರಡು ರೀತಿಯಲ್ಲೂ ಬಂದಿದೆ.

ಅವರ ಮೂಲ ಸೊರಬ ತಾಲ್ಲೂಕಿನ ಜಡೆಯ ಕಡೆ. ವಕೀಲಿ ಮಾಡುತ್ತಿದ್ದದ್ದು ನಮ್ಮ ಶಿಕಾರಿಪುರದಲ್ಲಿ. ಊರಿನಲ್ಲಿ ಅವರಿಗೆ ಸ್ನೇಹಿತರು ಇರಲಿಲ್ಲ, ಬೇಕೆಂದೂ ಅನಿಸಿದ್ದಂತೆ ಕಾಣಲಿಲ್ಲ. ‘ಮಹಾಸ್ವಾಮಿಯವರ ಪಾದಕಮಲಗಳಿಗೆ’ ಎಂದು ಅರ್ಜಿ ಬರೆದುಕೊಂಡು ಹೋದವರ ಎದುರೇ ಆ ಸಾಲನ್ನು ಹೊಡೆದುಹಾಕಿ, “ಪಾದದ ಹತ್ರ ಕೂತವನಿಗೆ ಮುಖ ಕಾಣಲ್ಲ ಕಣ್ರೀ” ಅನ್ನುತ್ತಿದ್ದರು. ಅರ್ಜಿಯಲ್ಲಿ ಅಳು ಕಂಡರೆ ಹರಿದೇ ಹಾಕುತ್ತಿದ್ದರು. ನಮ್ಮ ಊರಿನ ವರ್ತಕರಿಗೆ ಅವರನ್ನು ಕಂಡರಾಗುತ್ತಿರಲಿಲ್ಲ. ಅವರಿಗೆ ನಮ್ಮನ್ನು ಕಂಡರೆ ನಗು ಬರುತ್ತಿತ್ತು. ಆ ನಗು ಎಷ್ಟು ಸರಿಯಾದದ್ದು ಎಂದು ನನಗೆ ತಿಳಿದದ್ದು ಅಣಲೆಕಾಯಿಯ ವ್ಯವಹಾರದಲ್ಲಿ.

ನಮ್ಮದು ತಂದೆಯ ಕಾಲದಿಂದ ಅಣಲೆಕಾಯಿಯ ವ್ಯಾಪಾರ. ಸೊರಬದ ಕಾಡುಗಳಲ್ಲಿ ಮರದಡಿ ಬಿದ್ದ ಕಾಯನ್ನು ಆರಿಸಿ, ಒಣಗಿಸಿ, ಮಂಗಳೂರಿನ ಏಜೆಂಟರ ಮೂಲಕ ಒಂದು ಹೊರದೇಶಕ್ಕೆ ಕಳಿಸುತ್ತಿದ್ದೆವು. ಅಲ್ಲಿ ಅದನ್ನು ಕುಟ್ಟಿ ತೊಗಲು ಹದ ಮಾಡುತ್ತಿದ್ದರು. ರಾಜ್ಯ ಒಂದಾದ ಮರುವರ್ಷ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ ಜನಕ್ಕೆ ಜ್ವರ ಹಿಡಿಯಿತು, ಸಾವುಗಳೂ ಆದವು. ಪತ್ರಿಕೆಗಳಲ್ಲಿ ಊರಿನ ಹೆಸರೇ ಕಾಯಿಲೆಯ ಹೆಸರಾಯಿತು. ಮುಂದಿನ ಸುಗ್ಗಿಗೆ ನಮ್ಮ ಗೋದಾಮು ತುಂಬಿದ್ದಾಗ ಏಜೆಂಟರಿಂದ ಕಾಗದ ಬಂತು: ಶಿಕಾರಿಪುರ, ಸೊರಬದ ಕಾಡಿನ ಯಾವ ಹುಟ್ಟುವಳಿಯನ್ನೂ ಆ ದೇಶದವರು ಬಂದರಿನಲ್ಲಿ ಇಳಿಸಗೊಡುವುದಿಲ್ಲ.

ವರ್ತಕರ ಸಂಘದ ಸಭೆ ಸೇರಿತು. ಮಂಡಕ್ಕಿ, ಚಹಾ ಆದಮೇಲೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

“ಅಷ್ಟು ದೊಡ್ಡ ದೇಶದವರು ಸುಮ್ನೆ ಬೇಡ ಅಂತಾರೇನ್ರೀ? ಬೇರೆ ಜಿಲ್ಲೆ ಮಾಲು ಅಂತ ಬರೆದುಕೊಟ್ರಾತು. ಕಾಯಿ ಏನು ಬಾಯಿಬಿಟ್ಟು ಊರು ಹೇಳ್ತತೇನು?”

ಎಲ್ಲರೂ ನಕ್ಕರು. ಹದಿನೈದು ಜನ ಗಂಡಸರು, ಜರಿ ಪೇಟ ಸುತ್ತಿಕೊಂಡು, ತಾವು ಹುಟ್ಟಿದ ಊರಿನ ಹೆಸರು ಬಚ್ಚಿಡುವುದಕ್ಕೆ ಒಪ್ಪಿ ನಕ್ಕರು. ನಾನೂ ನಕ್ಕೆ. ಆದರೂ ಮನಸ್ಸು ತಡೆಯದೆ ಮಾರನೆಯ ದಿನ ಕಾಗದ ಹಿಡಿದು ವಕೀಲರಲ್ಲಿಗೆ ಹೋದೆ.

ತುಟಿ ಮೊದಲ ಸಾಲಿಗೇ ಬಂತು.

“ಈ ದೇಶ ನಮ್ಮಲ್ಲಿಂದ ಇನ್ನೇನು ತರಿಸ್ಕೊಳ್ತದೆ ಗೊತ್ತೇನ್ರೀ?”

ತಿಳಿಯದು ಎಂದೆ.

“ಮಂಗ. ಜೀವಂತ ಮಂಗ. ಔಷಧದ ಪ್ರಯೋಗಕ್ಕೆ ಅಂತ ವಿಮಾನದಾಗೆ ತುಂಬಿಸ್ಕೊಂಡು ಹೋಗ್ತಾರೆ. ಉತ್ತರ ಭಾರತದ ಮಂಗ ಇರಬಹುದು, ಮಂಗ ಮಂಗನೇ. ಮಂಗ ಬೇಕು, ಮಂಗ ಕೂತ ಮರದ ಕಾಯಿ ಬೇಡ.”

ವಾರದ ನಂತರ ಮತ್ತೆ ಕರೆಸಿದರು. ಬೆಂಗಳೂರಿನಿಂದ ಯಾರನ್ನೋ ಹಿಡಿದು, ದೇಶದೇಶಗಳ ನಡುವೆ ವ್ಯಾಪಾರಕ್ಕಾಗಿ ಆದ ಒಪ್ಪಂದದ ಪ್ರತಿ ತರಿಸಿದ್ದರು. ನಮ್ಮ ದೇಶವೂ ಸಹಿ ಮಾಡಿತ್ತು, ಆ ದೇಶವೂ ಮಾಡಿತ್ತು. ಅವರು ಬಿಡಿಸಿ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಜನರ, ಪ್ರಾಣಿಗಳ ಆರೋಗ್ಯ ಕಾಯಲು ಬೇಕಾದರೆ ಯಾವ ದೇಶವಾದರೂ ಮಾಲು ತಡೆಯಬಹುದು. ಆ ಹಕ್ಕು ಇದೆ. ಆದರೆ ಒಬ್ಬರಿಗೊಂದು ನ್ಯಾಯ, ಇನ್ನೊಬ್ಬರಿಗೊಂದು ನ್ಯಾಯ ಕೂಡದು. ಕಾಯಿಲೆಯ ನೆಪದಲ್ಲಿ ತಮ್ಮವರ ವ್ಯಾಪಾರ ಕಾಯುವುದೂ ಕೂಡದು. ಅಲ್ಲಿ ತೊಗಲು ಹದ ಮಾಡುವ ಪುಡಿಯನ್ನು ಹೊಸದಾಗಿ ಕಾರ್ಖಾನೆಯಲ್ಲಿ ತಯಾರಿಸತೊಡಗಿದ್ದಾರೆ ಎಂದು ಏಜೆಂಟರು ಹಿಂದೊಮ್ಮೆ ಬರೆದದ್ದು ನನಗೆ ಆಗ ನೆನಪಾಯಿತು.

“ಹಂಗಾರೆ ಕೇಸು ಹಾಕಿ” ಎಂದೆ.

“ಎಲ್ಲಿ? ಶಿಕಾರಿಪುರ ಮುನಸೀಫ್ ಕೋರ್ಟಿನಲ್ಲೇನು? ಇದು ಸರ್ಕಾರ ಸರ್ಕಾರದ ನಡುವಿನ ಮಾತು. ಆ ಬಾಗಿಲು ತಟ್ಟೋ ಅಧಿಕಾರ ನಿಮಗಿಲ್ಲ, ನನಗೂ ಇಲ್ಲ. ನಮ್ಮ ಸರ್ಕಾರಾನೇ ತಟ್ಟಬೇಕು. ಅದು ಮಲಗಿದೆ. ನಮ್ಮ ಕೆಲಸ ಎಬ್ಬಿಸೋದು.”

ಎಬ್ಬಿಸುವುದಕ್ಕೆ ಸಾಕ್ಷಿ ಬೇಕಿತ್ತು. ಕಾಯಿ ಹೇಗೆ ಆರಿಸುತ್ತಾರೆ, ಎಷ್ಟು ಒಣಗಿಸುತ್ತಾರೆ ಎಂಬುದನ್ನು ಆರಿಸುವವರ ಬಾಯಿಂದಲೇ ಬರೆಸಿಕೊಳ್ಳಬೇಕೆಂದು ಹೊರಟರು. ಕ್ಯಾಸನೂರಿನ ಕಡೆಗೆ ಆಗ ಯಾರೂ ಹೋಗುತ್ತಿರಲಿಲ್ಲ. ಸಂಘದ ಅಧ್ಯಕ್ಷರಿಗೆ ಅಂದು ಸೊಂಟ ಹಿಡಿದಿತ್ತು. ನಾನು ಹೋದೆ, ಧೈರ್ಯದಿಂದಲ್ಲ, ವಕೀಲರ ತುಟಿಗೆ ಹೆದರಿ.

ಕಾಡಂಚಿನ ಒಂದು ಮನೆ. ಜ್ವರದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸು ಅಂಗಳದಲ್ಲಿ ಕಾಯಿ ಹರವಿದ್ದಳು. ವಕೀಲರು ಜಗುಲಿಯ ಮೇಲೆ ಕೂತು ಕುಡಿಯಲು ನೀರು ಕೇಳಿದರು.

ಅವಳು ಎದ್ದೇಳಲಿಲ್ಲ. “ನಮ್ಮನೆ ನೀರು ಈಗ ಯಾರೂ ಕುಡಿಯದಿಲ್ಲ ಅಯ್ಯಾ. ನನ್ನ ಅಣ್ಣನೇ ಬೇಲಿ ಆಚೆ ನಿಂತು ಮಾತಾಡ್ಸಿ ಹೋದ.”

“ನಿಮ್ಮಣ್ಣ ದಡ್ಡ. ನೀರು ಕೊಡವ್ವಾ.”

ಅವಳು ತಂಬಿಗೆ ತಂದುಕೊಟ್ಟಳು. ಅವರು ಪೂರಾ ಕುಡಿದು, ಮತ್ತೊಂದು ತಂಬಿಗೆ ತರಿಸಿ ನನ್ನ ಕೈಗೆ ಕೊಟ್ಟರು. ಕುಡಿದೆ. ಎರಡೇ ಗುಟುಕಿಗೆ ತಂಬಿಗೆ ಕೆಳಗಿಟ್ಟದ್ದನ್ನು ಆಕೆ ನೋಡಿದಳು. ಆಮೇಲೆ ಕಾಯಿಯ ವಿಷಯ ಕೇಳಿದ್ದಕ್ಕೆಲ್ಲ ಅವರ ಕಡೆಗೇ ತಿರುಗಿ ಉತ್ತರ ಹೇಳಿದಳು, ನನ್ನ ಕಡೆ ನೋಡಲಿಲ್ಲ. ಆರಿಸಿದ ಕಾಯಿ ಕಲ್ಲಿನಂತಾಗುವವರೆಗೆ ಬಿಸಿಲಲ್ಲಿ ವಾರಗಟ್ಟಲೆ ಇರುತ್ತದೆ, ಅದರಲ್ಲಿ ಜ್ವರ ತರುವ ಉಣ್ಣಿ, ಹುಳ ಏನೂ ಉಳಿಯುವುದಿಲ್ಲ ಎಂದಳು. ಹೆಬ್ಬೆಟ್ಟು ಒತ್ತಿದಳು.

ಅರ್ಜಿ ಹೋಯಿತು. ಮೊದಲ ಕಚೇರಿ ಅದನ್ನು ಆರೋಗ್ಯದ ವಿಷಯವೆಂದು ಇನ್ನೊಂದಕ್ಕೆ ಕಳಿಸಿತು. ಅದು ಕಾಡಿನ ವಿಷಯವೆಂದು ಮತ್ತೊಂದಕ್ಕೆ. ಅಲ್ಲಿಂದ, ನಿಮ್ಮ ಪ್ರದೇಶದಲ್ಲಿ ಅಣಲೆಕಾಯಿ ಎಂಬುದು ಬೆಳೆಯುತ್ತದೆಯೇ ಎಂದು ಕೇಳಿ ಕಾಗದ ಬಂತು. ವಕೀಲರು ಒಂದೊಂದಕ್ಕೂ ಮರುದಿನವೇ ಉತ್ತರ ಬರೆದರು. ಅಷ್ಟು ಹೊತ್ತಿಗೆ ಮೋಡ ಕಟ್ಟತೊಡಗಿತ್ತು. ಮಳೆಯ ಥಂಡಿ ತಗುಲಿದರೆ ಅಣಲೆಕಾಯಿ ಕಪ್ಪಾಗಿ ಬೂಸಲು ಹಿಡಿಯುತ್ತದೆ. ನಾನು ತಡೆಯಲಾರದೆ, ಒಂದು ಲಾರಿ ಮಾಲಿಗೆ ಬೇರೆ ಜಿಲ್ಲೆಯದೆಂದು ಬರೆದು ಸಹಿ ಹಾಕಿ ಮಂಗಳೂರಿಗೆ ಸಾಗಿಸಿದೆ. ವಕೀಲರಿಗೆ ಹೇಳಲಿಲ್ಲ.

ನಾಲ್ಕನೆಯ ದಿನ ಅವರು ಯಾವುದೋ ಹಳೆಯ ರವಾನೆ ಪತ್ರ ನೋಡಲು ಅಂಗಡಿಗೆ ಬಂದರು. ಫೈಲು ತಿರುವುತ್ತಿದ್ದಾಗ ನನ್ನ ಸಹಿಯ ಕಾರ್ಬನ್ ಪ್ರತಿ ಕೈಗೆ ಸಿಕ್ಕಿತು. ಓದಿದರು. ಬೈಯುತ್ತಾರೆಂದು ಕಾದೆ.

“ಅವರು ಇದು ಕಾಯಿಲೆ ಕಾಯಿ ಅಂದ್ರು. ಅಲ್ಲ ಅಂತ ನಾನು ನೂರು ಹಾಳೆ ಬರೆದೆ. ನೀವು ಒಂದೇ ಹಾಳೆಯಲ್ಲಿ ಹೌದು ಅಂತ ಬರೆದುಕೊಟ್ರಿ.” ಪ್ರತಿಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟರು. “ಆಕೆ ಹೆಬ್ಬೆಟ್ಟು ಒತ್ತಿದ್ದು ನಿಜಕ್ಕೆ. ಅಕ್ಷರ ಬರೋ ನೀವು ಸಹಿ ಹಾಕಿದ್ದು ಸುಳ್ಳಿಗೆ.”

“ಮಾಲು ಹಾಳಾಗ್ತದಲ್ರೀ” ಎಂದೆ.

“ಆಗ್ಲಿ. ಇದು ಸಿಕ್ಕಿಬಿದ್ರೆ ನಾಳೆ ನಮ್ಮ ಕಡೆ ಭತ್ತಾನೂ ಯಾರೂ ಮುಟ್ಟಲ್ಲ. ಮಂಗಳೂರಿಗೆ ತಂತಿ ಕೊಡಿ. ಇಲ್ಲದಿದ್ರೆ ನಾನೇ ನಿಮ್ಮ ಮೇಲೆ ಅರ್ಜಿ ಬರೀತೀನಿ.”

ಅವರು ಬರೆಯುವವರೇ. ತಂತಿ ಕೊಟ್ಟೆ. ಲಾರಿ ವಾಪಸು ಬಂತು. ಆ ಮಳೆಗಾಲ ಗೋದಾಮಿನ ಮಾಲು ಕಣ್ಣೆದುರೇ ಕಪ್ಪಾಯಿತು. ಸಂಘದವರು ಒಬ್ಬೊಬ್ಬರಾಗಿ ಬಂದು ಮೂಗು ಮುಚ್ಚಿಕೊಂಡು ನೋಡಿ, ಅಯ್ಯೋ ಪಾಪ ಅಂದು ಹೋದರು. ಅವರ ಮಾಲು ಬೇರೆ ಜಿಲ್ಲೆಯ ಹೆಸರಿನಲ್ಲಿ ಸಮುದ್ರ ದಾಟಿತ್ತು.

ಮುಂದಿನ ಸುಗ್ಗಿಯ ಹೊತ್ತಿಗೆ ಸರ್ಕಾರ ಎಚ್ಚರವಾಯಿತು. ದೆಹಲಿಯಿಂದ ಆ ದೇಶಕ್ಕೆ ಕಾಗದ ಹೋಯಿತಂತೆ, ಎರಡೂ ಕಡೆಯ ಅಧಿಕಾರಿಗಳು ಮಾತಾಡಿದರಂತೆ. ಜೀವಂತ ಮಂಗಗಳ ಪ್ರಶ್ನೆ ಬಂದ ಕೂಡಲೇ ಅವರು ಮಾತನ್ನು ಕಾಯಿ ಒಣಗಿಸುವ ಕ್ರಮದ ಕಡೆಗೆ ತಿರುಗಿಸಿದರು ಎಂದು ಏಜೆಂಟರು ಬರೆದರು. ಪೂರ್ತಿ ತಡೆ ತೆಗೆದು, ಚೆನ್ನಾಗಿ ಒಣಗಿಸಿದ ಮಾಲು ಎಂಬ ಪತ್ರ ಇದ್ದರೆ ಸಾಕು ಎಂದಾಯಿತು. ತಪ್ಪಾಯಿತೆಂದು ಯಾರೂ ಹೇಳಲಿಲ್ಲ. ನಾನು ಓಡಿಹೋಗಿ ವಕೀಲರಿಗೆ ತಿಳಿಸಿದೆ. ಅವರು ಬೇರೆ ಯಾವುದೋ ಕಾಗದ ಓದುತ್ತಿದ್ದರು.

“ಮೊದಲೇ ಹಿಂಗೆ ಮಾಡಬಹುದಿತ್ತು. ದಡ್ಡರು” ಎಂದರು, ಪುಟ ತಿರುವಿದರು.

ಆ ವರ್ಷ ಸೊರಬದ ಕಾಯಿ ಸೊರಬದ ಹೆಸರಿನಲ್ಲೇ ಹೋಯಿತು. ಆ ರವಾನೆ ಪತ್ರಕ್ಕೆ ಸಹಿ ಹಾಕುವಾಗ ಆದ ಸುಖ ನನಗೆ ಬೇರೆ ಯಾವ ಲಾಭದಲ್ಲೂ ಸಿಕ್ಕಿಲ್ಲ.

ಕೆಲವು ವರ್ಷದ ಮೇಲೆ ವಕೀಲರು ಹೃದಯ ನಿಂತು ತೀರಿಕೊಂಡರು. ಸಂಘದವರು ಸಂತಾಪ ಸಭೆ ಇಟ್ಟರು. ಬದುಕಿದ್ದಾಗ ಅವರನ್ನು ಹತ್ತಿರ ಸೇರಿಸದಿದ್ದ ಜನ ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಂಡರು. ಹೊರದೇಶದ ಅನ್ಯಾಯದ ವಿರುದ್ಧ ನಾವೆಲ್ಲ ಒಗ್ಗಟ್ಟಾಗಿ ವಕೀಲರ ಬೆನ್ನಿಗೆ ನಿಂತೆವು ಎಂದು ಅಧ್ಯಕ್ಷರು ಭಾಷಣ ಮಾಡಿದರು. ಚಪ್ಪಾಳೆಯಾಯಿತು. ಆಮೇಲೆ ನನ್ನನ್ನು ಎರಡು ಮಾತು ಆಡಲು ಕರೆದರು.

ನಾನು ವೇದಿಕೆ ಹತ್ತಿ, ಸುಳ್ಳು ಪತ್ರಕ್ಕೆ ಸಹಿ ಹಾಕಿದ್ದನ್ನು ಹೇಳಿದೆ. ಯಾವ ತಿಂಗಳು, ಎಷ್ಟು ಚೀಲ, ಯಾವ ಜಿಲ್ಲೆಯ ಹೆಸರು ಎಲ್ಲವನ್ನೂ ಹೇಳಿದೆ. ನನ್ನದನ್ನು ವಕೀಲರು ವಾಪಸು ತರಿಸಿದರು, ಉಳಿದವರ ಮಾಲು ತಲುಪಬೇಕಾದಲ್ಲಿಗೆ ತಲುಪಿತು ಎಂದೆ. ಮುಂದಿನ ಸಾಲಿನವರ ಹೆಸರು ಒಂದೊಂದಾಗಿ ಹಿಡಿದು ಹೇಳತೊಡಗಿದೆ. ಮೂರನೆಯ ಹೆಸರಿಗೆ ಅಧ್ಯಕ್ಷರು ಎದ್ದು, “ಚಹಾ ಆರ್ತತೆ, ಎಲ್ಲರೂ ಏಳ್ರಿ” ಎಂದರು. ಕುರ್ಚಿಗಳು ಸರಿದವು.

ಖಾಲಿ ಸಾಲುಗಳಿಗೆ ನಾಲ್ಕನೆಯ, ಐದನೆಯ ಹೆಸರನ್ನೂ ಹೇಳಿ, ಕೊನೆಯವರೆಗೆ ಮುಗಿಸಿಯೇ ಕೆಳಗಿಳಿದೆ.