ಪಾಲಿಮರ್ ಪುಡಿಗೆ ನೀರು ಬಿಟ್ಟವಳು

ಶರಣಮ್ಮ, ಆ ದಿನ ಶೆಡ್ಡಿನ ನೆಲಕ್ಕೆ ನೀರು ಬಿಟ್ಟವಳು ನಾನು. ನೀವಲ್ಲ.

ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಕೊಳೆನೀರು ಶುದ್ಧ ಮಾಡುವ ಶೆಡ್ಡು ಅದು. ನಾನು ಕೆಮಿಸ್ಟ್, ನೀವು ಸಹಾಯಕಿ. ನೀರಿನ ಕೊಳೆಯನ್ನು ಗಂಟುಕಟ್ಟಿಸಿ ತಳಕ್ಕಿಳಿಸುವ ಪಾಲಿಮರ್ ಪುಡಿ ನೋಡಲು ಸಕ್ಕರೆಯಂತೆ. ನೀರು ತಾಗಿದರೆ ಬರೀ ಲೋಳೆ. ಚೆಲ್ಲಿದರೆ ಒಣಗಿರುವಾಗಲೇ ಗುಡಿಸಬೇಕು, ನೀರು ಹಾಕಲೇಬಾರದು — ಮೊದಲ ದಿನವೇ ನಿಮಗೆ ಇದನ್ನು ಕಲಿಸಿದವಳು ನಾನು. “ಹಂಗಾರ ಇದು ಪುಡಿ ಅಲ್ಲ ಬಿಡ್ರಿ ಮೇಡಂ, ಜಾರಬಂಡಿ!” ಎಂದು ನಕ್ಕಿದ್ದಿರಿ.

ಆ ಮಂಗಳವಾರ ಹತ್ತು ಗಂಟೆಗೆ ತಪಾಸಣೆಯವರು ಬರುವವರಿದ್ದರು. ಅದಕ್ಕೆ ಸ್ವಲ್ಪ ಮುಂಚೆ ಚೀಲ ನನ್ನ ಕೈತಪ್ಪಿ ಬಿತ್ತು. ಗುಡಿಸುತ್ತ ಕೂತರೆ ನಾನು ಚೆಲ್ಲಿದ್ದು ಎಲ್ಲರಿಗೂ ಕಾಣುತ್ತದೆ — ಗೊತ್ತಿದ್ದೂ ಪೈಪ್ ಹಿಡಿದೆ. ನೆಲ ಥಳಥಳ ಹೊಳೆಯಿತು. ನಾನು ಪೈಪ್ ಸುತ್ತಿಡುವಷ್ಟರಲ್ಲಿ ನೀವು ಬಕೆಟ್ ಹಿಡಿದು ಒಳಗೆ ಬಂದಿರಿ. ಸೊಂಟ ಕಾಂಕ್ರೀಟಿಗೆ ಬಡಿದ ಸದ್ದು — ಬೇಡ, ಅದನ್ನು ಬರೆಯಲಾರೆ.

ಇನ್‌ಚಾರ್ಜ್ ಆಂಟನಿ ಓಡಿಬಂದರು. “ಯಾರ್ರೀ ನೀರ್ ಹಾಕಿದ್ದು? ತಲೆ ನೆಟ್ಟಗಿದ್ಯಾ?”

ನಿಮ್ಮ ಪಕ್ಕ ಬಿದ್ದಿದ್ದ ಬಕೆಟ್ ನೋಡುತ್ತಾ ನಾನು ಹೇಳಿದೆ: “ಹಾಕ್ಬೇಡಿ ಅಂತ ಹೇಳ್ಕೊಟ್ಟಿದ್ದೆ ಸರ್.”

ಹೇಳಿಕೊಟ್ಟದ್ದು ನಿಜ. ಆ ನಿಜವನ್ನೇ ನಿಮ್ಮ ಮೇಲೆ ಎತ್ತಿಹಾಕಿದೆ. ನೀವೋ — ಹಲ್ಲು ಕಚ್ಚಿಕೊಂಡೇ — “ಹೌದ್ರಿ ಸರ, ಮೇಡಂ ಹೇಳಿದ್ರು. ಅವ್ರಿಗೆ ಬಯ್ಬ್ಯಾಡ್ರಿ” ಎಂದಿರಿ. ನನ್ನನ್ನು ಕಾಯಲು ಆಡಿದ ಆ ಮಾತೇ ನಿಮ್ಮ ತಪ್ಪೊಪ್ಪಿಗೆ ಎನಿಸಿಕೊಂಡಿತು. ನಿಮ್ಮದೇ ಅಜಾಗರೂಕತೆ ಎಂದರು ಕಾರ್ಖಾನೆಯವರು. ಪರಿಹಾರ ಸಿಗಲಿಲ್ಲ, ಕೆಲಸವೂ ಹೋಯಿತು.

ನಾಲ್ಕು ವರ್ಷ ಕಳೆದು, ಹೋದ ಭಾನುವಾರ ಕೆ.ಆರ್. ಪುರದ ಸಂತೆಯಲ್ಲಿ ಸಿಕ್ಕಿರಿ. ಬಲಗಾಲು ಎಳೆದು ನಡೆಯುತ್ತಿದ್ದಿರಿ. ಮಗಳನ್ನು ಮುಂದಕ್ಕೆ ಕರೆದು, “ನೋಡವಾ, ನನಗ ಕೆಲಸ ಕಲಿಸಿದ ಮೇಡಂ ಇವ್ರ. ನೀರ್ ಹಾಕ್ಬ್ಯಾಡ ಅಂತ ಇವ್ರು ಬಡ್ಕೊಂಡಿದ್ರು, ನಾನ ಮರ್ತು ನೀರ್ ಹಾಕಿ ಬಿದ್ದೆ” ಎಂದಿರಿ.

ಮರೆತು! ನೀವು ಮಾಡದ ತಪ್ಪನ್ನು ನೀವೇ ನಂಬಿಬಿಟ್ಟಿದ್ದೀರಿ — ನಿಮ್ಮ ನೆನಪನ್ನೂ ನಾನು ಕೆಡಿಸಿದ್ದೇನೆ.

ಆಗಲೇ ಹೇಳಬಹುದಿತ್ತು. “ಕಾಲು ಹುಷಾರು” ಎಂದು ಬಸ್ ಹತ್ತಿದೆ.

ಮನೆಗೆ ಬನ್ನಿ ಎಂದು ದಾರಿ ತಿಳಿಸಿದ್ದೀರಿ. ನಾಳೆ ಬರುತ್ತೇನೆ. ನಿಮ್ಮ ಮಗಳೂ ಮನೆಯಲ್ಲಿರಲಿ — ಅವಳೂ ಕೇಳಬೇಕು.